ಬ್ಯಾಟರಿಗೆ ನೀರು ಹಾಕುವ ಮುನ್ನ: ಯಾವ ನೀರು, ಎಷ್ಟು, ಯಾವಾಗ

ಬ್ಯಾಟರಿ ನಿರ್ವಹಣೆಯ ಕ್ರಮಗಳನ್ನು ಬರೆಯಿರಿ ಎಂದರೆ ನಾವೆಲ್ಲ ಹತ್ತು ಅಂಶ ಬರೆದುಬಿಡುತ್ತೇವೆ. ವರ್ಕ್‌ಶಾಪಿನಲ್ಲಿ ಬಿರಡೆ ತೆಗೆದು ನಿಂತಾಗ ಆ ಹತ್ತರಲ್ಲಿ ಮೂರೂ ಕೈಗೆ ಬರುವುದಿಲ್ಲ. ಅದಕ್ಕೇ ನಾನು ಈ ಪಾಠವನ್ನು ಒಂದೇ ಮಾತಿನಿಂದ ಹಿಡಿದುಕೊಂಡಿದ್ದೇನೆ: ಚೆನ್ನಾಗಿರುವ ಬ್ಯಾಟರಿಯಲ್ಲಿ ಕಡಿಮೆಯಾಗುವುದು ನೀರು, ಆ್ಯಸಿಡ್ ಅಲ್ಲ. ಉಳಿದ ನಿಯಮಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟುತ್ತವೆ.

ಒಳಗೆ ನಡೆಯುವುದು

ಗಾಡಿಗಳಲ್ಲಿರುವ 12 ವೋಲ್ಟ್ ಸೀಸ-ಆ್ಯಸಿಡ್ ಬ್ಯಾಟರಿಯಲ್ಲಿ 6 ಸೆಲ್‌ಗಳಿವೆ, ಒಂದೊಂದರಲ್ಲಿ ಸುಮಾರು 2.1 ವೋಲ್ಟ್. ಪಾಸಿಟಿವ್ ಪ್ಲೇಟು ಸೀಸದ ಡೈಆಕ್ಸೈಡ್, ಬಣ್ಣ ಚಾಕೊಲೇಟ್ ಕಂದು. ನೆಗೆಟಿವ್ ಪ್ಲೇಟು ಸ್ಪಂಜಿನಂಥ ಬೂದು ಸೀಸ. ನಡುವೆ ನೀರು ಬೆರೆಸಿದ ಸಲ್ಫ್ಯೂರಿಕ್ ಆ್ಯಸಿಡ್. ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ 1859ರಲ್ಲಿ ತೋರಿಸಿಕೊಟ್ಟ ಮೂಲ ಏರ್ಪಾಡು ಇದೇ.

ಕರೆಂಟ್ ತೆಗೆದಾಗ ಎರಡೂ ಪ್ಲೇಟುಗಳು ಸೀಸದ ಸಲ್ಫೇಟ್ ಆಗುತ್ತವೆ. ಅಂದರೆ ಆ್ಯಸಿಡ್ ದ್ರವವನ್ನು ಬಿಟ್ಟು ಪ್ಲೇಟಿನೊಳಗೆ ಸೇರುತ್ತದೆ, ದ್ರವ ನೀರಾಗುತ್ತ ಹೋಗುತ್ತದೆ, ಗ್ರ್ಯಾವಿಟಿ (ನೀರಿಗೆ ಹೋಲಿಸಿದರೆ ದ್ರವ ಎಷ್ಟು ಭಾರ ಎಂಬ ಅಳತೆ) ಇಳಿಯುತ್ತದೆ. ಚಾರ್ಜ್ ಮಾಡಿದಾಗ ಅದೇ ಆ್ಯಸಿಡ್ ಪ್ಲೇಟಿನಿಂದ ಹೊರಗೆ ಬರುತ್ತದೆ. ಚಾರ್ಜ್ ತುಂಬುತ್ತ ಬಂದು ವೋಲ್ಟೇಜು 14.4ರ ಆಸುಪಾಸು ಮುಟ್ಟಿದಾಗ, ಹೆಚ್ಚಾದ ಕರೆಂಟ್ ನೀರನ್ನೇ ಒಡೆಯುತ್ತದೆ. ಹೈಡ್ರೋಜನ್, ಆಕ್ಸಿಜನ್ ಗುಳ್ಳೆಗಳಾಗಿ ಬಿರಡೆಯ ತೂತಿನಿಂದ ಹೊರಟುಹೋಗುತ್ತವೆ. ಆ್ಯಸಿಡ್ ಅಲ್ಲೇ ಉಳಿಯುತ್ತದೆ.

ಈಗ ಹಳೆಯ ಅಭ್ಯಾಸವೊಂದನ್ನು ನೋಡಿ. ‘ಬ್ಯಾಟರಿ ಡಲ್ಲಾಗಿದೆ, ಸ್ವಲ್ಪ ಆ್ಯಸಿಡ್ ಹಾಕಿದರೆ ಚುರುಕಾಗುತ್ತದೆ’ ಎನ್ನುವವರಿದ್ದಾರೆ. ಹಾಕಿದರೆ ಗ್ರ್ಯಾವಿಟಿ ಏರುವುದು ನಿಜ, ಆದರೆ ಪ್ಲೇಟಿನ ಮೇಲಿನ ಸಲ್ಫೇಟ್ ಹಾಗೇ ಇರುತ್ತದೆ. ಗ್ರ್ಯಾವಿಟಿ ಅಳೆಯುವ ಹೈಡ್ರೋಮೀಟರ್ ಸುಳ್ಳು ಹೇಳತೊಡಗುತ್ತದೆ, ಖಾರವಾದ ಆ್ಯಸಿಡ್ ಪ್ಲೇಟನ್ನೂ ಪ್ಲೇಟುಗಳ ನಡುವಿನ ಸೆಪರೇಟರನ್ನೂ ತಿನ್ನುತ್ತದೆ. ಡಲ್ಲಾದ ಬ್ಯಾಟರಿಗೆ ಬೇಕಿರುವುದು ಚಾರ್ಜ್.

ನಲ್ಲಿ ನೀರು, ಬೋರ್‌ವೆಲ್ ನೀರು ಬೇಡ. ಆವಿಯಾಗಿ ಹೋಗುವುದು ನೀರು ಮಾತ್ರ. ಅದರಲ್ಲಿದ್ದ ಕಬ್ಬಿಣ, ಕ್ಲೋರೈಡ್, ಸುಣ್ಣದಂಶ ಸೆಲ್ಲಿನಲ್ಲೇ ಕೂರುತ್ತದೆ, ಪ್ರತಿ ಸಲವೂ ಇನ್ನಷ್ಟು ಸೇರುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಅಂಗಡಿಯಲ್ಲಿ ‘ಬ್ಯಾಟರಿ ನೀರು’ ಎಂದು ಕೇಳಿದರೆ ಕೆಲವೆಡೆ ಆ್ಯಸಿಡ್ ಬಾಟಲಿಯನ್ನೇ ಕೊಟ್ಟುಬಿಡುತ್ತಾರೆ, ಲೇಬಲ್ ಓದಿ ತೆಗೆದುಕೊಳ್ಳಿ.

ಮೂರನೇ ಸೆಲ್

ಕಳೆದ ಬೇಸಿಗೆಯಲ್ಲಿ ನಮ್ಮ ಪ್ರಾಕ್ಟಿಕಲ್‌ಗೆ 80 ಆಂಪಿಯರ್ ಅವರ್‌ನ ಟ್ರ್ಯಾಕ್ಟರ್ ಬ್ಯಾಟರಿ ಬಂದಿತ್ತು. ಐದು ಸೆಲ್‌ಗಳಲ್ಲಿ ಮಟ್ಟ ಸರಿಯಾಗಿತ್ತು. ಮೂರನೆಯದರಲ್ಲಿ ಪ್ಲೇಟಿನ ತುದಿ ಬರಿದಾಗಿ ಕಾಣುತ್ತಿತ್ತು. ಹೈಡ್ರೋಮೀಟರಿನ ರಬ್ಬರ್ ಬುರುಡೆ ಎಷ್ಟು ಹಿಂಡಿ ಬಿಟ್ಟರೂ ಒಳಗಿನ ಫ್ಲೋಟ್ ಏಳುವಷ್ಟು ದ್ರವ ಬರಲಿಲ್ಲ. ನನಗೆ ಕತ್ತಿನವರೆಗೆ ತುಂಬಿಸಿಬಿಡುವ ಆತುರ. ಮೇಷ್ಟ್ರು ತಡೆದು, ‘ಪ್ಲೇಟ್ ಮುಳುಗುವಷ್ಟೇ ಹಾಕಪ್ಪ, ಉಳಿದಿದ್ದು ಚಾರ್ಜ್ ಆದ ಮೇಲೆ’ ಎಂದರು.

ಕಾರಣ ಎರಡು. ಬರಿದಾದ ಪ್ಲೇಟಿನ ಮೇಲೆ ಚಾರ್ಜ್ ಮಾಡಬಾರದು, ಆದ್ದರಿಂದ ಮುಳುಗಲೇಬೇಕು. ಆದರೆ ಚಾರ್ಜ್ ಆಗುವಾಗ ದ್ರವ ಬಿಸಿಯಾಗಿ ಹಿಗ್ಗುತ್ತದೆ, ಗುಳ್ಳೆಗಳೂ ಮಟ್ಟವನ್ನು ಎತ್ತುತ್ತವೆ. ಮೊದಲೇ ತುಂಬಿಸಿದ್ದರೆ ಆ್ಯಸಿಡ್ ಉಕ್ಕಿ ಹೊರಗೆ ಚೆಲ್ಲುತ್ತದೆ. ಚಾರ್ಜ್ ಮುಗಿದ ಮೇಲೆ ಪ್ಲೇಟಿನ ಮೇಲೆ 10ರಿಂದ 15 ಮಿಲಿಮೀಟರ್ ನಿಲ್ಲುವಂತೆ ಹಾಕಿದರೆ ಸಾಕು. ಡಬ್ಬಿಯ ಮೇಲೆ ಗೆರೆ ಇದ್ದರೆ ಮೇಲಿನ ಗೆರೆಯೇ ಮಿತಿ.

ಅದನ್ನು 8 ಆಂಪಿಯರ್‌ಗೆ, ಅಂದರೆ ಸಾಮರ್ಥ್ಯದ ಹತ್ತನೇ ಒಂದು ಭಾಗಕ್ಕೆ ಚಾರ್ಜ್‌ಗಿಟ್ಟೆವು. ನೀರು ಹಾಕಿದ ಕೂಡಲೇ ಗ್ರ್ಯಾವಿಟಿ ನೋಡಬಾರದು, ಹೊಸ ನೀರು ಹಗುರ, ಮೇಲೆಯೇ ನಿಂತಿರುತ್ತದೆ. ಚಾರ್ಜ್ ಪೂರ್ತಿಯಾದ ಮೇಲೆ ನೋಡಿದಾಗ ಐದು ಸೆಲ್ 1.255ರಿಂದ 1.260 ತೋರಿಸಿದವು. ಮೂರನೆಯದು 1.190. ಸೆಲ್‌ಗಳ ನಡುವೆ 0.050ಕ್ಕಿಂತ ಹೆಚ್ಚು ಅಂತರವಿದ್ದರೆ ಆ ಸೆಲ್ಲನ್ನು ಅನುಮಾನಿಸಬೇಕು. ಬ್ಯಾಟರಿಯನ್ನು ಎತ್ತಿ ನೋಡಿದರೆ, ಕೆಳಗಿನ ಟ್ರೇಯಲ್ಲಿ ಅಂಗೈಯಗಲ ಬಣ್ಣ ಎದ್ದು ತುಕ್ಕು ಹಿಡಿದಿತ್ತು, ಡಬ್ಬಿಯಲ್ಲಿ ಕೂದಲೆಳೆಯಷ್ಟು ಬಿರುಕು. ನೀರು ಕಡಿಮೆಯಾಗುವುದು ಬೇರೆ, ಸೋರುವುದು ಬೇರೆ. ಸೋರಿದರೆ ಆ್ಯಸಿಡ್ಡೂ ಹೋಗುತ್ತದೆ, ಆಮೇಲೆ ಬರೀ ನೀರು ಹಾಕುತ್ತ ಬಂದರೆ ಆ ಸೆಲ್ಲಿನ ಆ್ಯಸಿಡ್ ತೆಳುವಾಗುತ್ತದೆ.

ಇದನ್ನು ಹೀಗೆ ನೆನಪಿಡಿ: ಒಂದೇ ಸೆಲ್ ಬತ್ತಿದರೆ ಬಿರುಕನ್ನೋ ಒಳಗಿನ ಶಾರ್ಟನ್ನೋ ಹುಡುಕಿ. ಆರೂ ಸೆಲ್ ಬೇಗ ಬೇಗ ಬತ್ತುತ್ತಿದ್ದರೆ ಆಲ್ಟರ್ನೇಟರ್ ಅತಿಯಾಗಿ ಚಾರ್ಜ್ ಮಾಡುತ್ತಿದೆಯೇ ನೋಡಿ, ಅದರ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಪರೀಕ್ಷಿಸಿ.

ಬಿಸಿಲಿನ ಲೆಕ್ಕ

ನಮ್ಮಲ್ಲಿ ಗ್ರ್ಯಾವಿಟಿಯನ್ನು 27 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿ ಹೇಳುತ್ತಾರೆ. ದ್ರವ ಅದಕ್ಕಿಂತ ಬಿಸಿಯಿದ್ದರೆ ಪ್ರತಿ ಡಿಗ್ರಿಗೆ 0.0007 ಕೂಡಿಸಬೇಕು, ತಣ್ಣಗಿದ್ದರೆ ಕಳೆಯಬೇಕು. ರಾಯಚೂರಿನ ಮೇ ತಿಂಗಳ ಮಧ್ಯಾಹ್ನ ದ್ರವ 42 ಡಿಗ್ರಿ ಇದ್ದು ಹೈಡ್ರೋಮೀಟರ್ 1.245 ತೋರಿಸಿತು ಎನ್ನಿ. 15 ಡಿಗ್ರಿ ಹೆಚ್ಚು, 15ನ್ನು 0.0007ರಿಂದ ಗುಣಿಸಿದರೆ 0.0105. ನಿಜವಾದ ಗ್ರ್ಯಾವಿಟಿ ಸುಮಾರು 1.255. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸಾಮಾನ್ಯವಾಗಿ 1.250ರಿಂದ 1.280ರೊಳಗೆ ಇರುತ್ತದೆ, ಆದ್ದರಿಂದ ಇದು ಚೆನ್ನಾಗಿಯೇ ಇದೆ. ಈ ಲೆಕ್ಕ ಬಿಟ್ಟವರು ಒಳ್ಳೆಯ ಬ್ಯಾಟರಿಯನ್ನು ಸುಮ್ಮನೆ ಮತ್ತೆ ಚಾರ್ಜ್‌ಗೆ ಹಾಕುತ್ತಾರೆ.

ಜೀವಕ್ಕೆ ಸಂಬಂಧಿಸಿದ್ದು

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ. ಗಾಳಿಯಲ್ಲಿ ಹೈಡ್ರೋಜನ್ ಶೇ. 4ರಷ್ಟಾದರೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಮಟ್ಟ ಕಾಣುವುದಿಲ್ಲವೆಂದು ಲೈಟರ್ ಹಚ್ಚಿ ಬಗ್ಗುವುದು ಸಿಡಿತಕ್ಕೆ ಮುಖ ಒಡ್ಡಿದಂತೆ. ಟಾರ್ಚ್ ಬಳಸಿ, ಅದನ್ನೂ ದೂರದಲ್ಲೇ ಹಚ್ಚಿಕೊಂಡು ಬನ್ನಿ. ಕಿಟಕಿ, ಬಾಗಿಲು ತೆರೆದಿರಲಿ. ಚಾರ್ಜರ್ ಕ್ಲಿಪ್ ತೆಗೆಯುವ ಮೊದಲು ಸ್ವಿಚ್ ಆಫ್ ಮಾಡಿ. ಉಂಗುರ, ಕಡಗ, ವಾಚ್ ಬಿಚ್ಚಿಡಿ. ಸುರಕ್ಷಾ ಕನ್ನಡಕ, ರಬ್ಬರ್ ಗ್ಲೌಸ್ ಹಾಕಿಕೊಂಡೇ ಬಿರಡೆ ಮುಟ್ಟಿ.

ಬಿಚ್ಚುವಾಗ ನೆಗೆಟಿವ್ ಮೊದಲು, ಕಟ್ಟುವಾಗ ನೆಗೆಟಿವ್ ಕೊನೆಗೆ. ಗಾಡಿಯ ಬಾಡಿಯೆಲ್ಲ ನೆಗೆಟಿವ್‌ಗೆ ಸೇರಿದೆ. ಪಾಸಿಟಿವ್ ಮೊದಲು ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ನೇರ ಶಾರ್ಟ್.

ಆ್ಯಸಿಡ್ ಚರ್ಮಕ್ಕೆ ಬಿದ್ದರೆ ಧಾರಾಳವಾಗಿ ನೀರು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ಆಸ್ಪತ್ರೆಗೆ ಹೊರಡಿ. ಕಣ್ಣಿಗೆ ಸೋಡಾ ಹಾಕಲೇಬಾರದು. ಅಡುಗೆ ಸೋಡಾದ ನೀರು ಬ್ಯಾಟರಿಯ ಹೊರಮೈಗೆ, ಟರ್ಮಿನಲ್ ಮೇಲೆ ಬೆಳೆದ ಬಿಳಿ ಹಸಿರು ಪುಡಿಗೆ ಮಾತ್ರ, ಅದೂ ಬಿರಡೆಗಳನ್ನು ಬಿಗಿಯಾಗಿ ಮುಚ್ಚಿಕೊಂಡು. ಒಂದು ಹನಿ ಒಳಗಿಳಿದರೂ ಅಲ್ಲಿನ ಆ್ಯಸಿಡ್ ಅಷ್ಟು ಕೆಡುತ್ತದೆ. ಒರೆಸಿ ಒಣಗಿಸಿ, ಕ್ಲ್ಯಾಂಪ್ ಬಿಗಿದ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ.

ಬಿರಡೆ ಇಲ್ಲದ, ಪೂರ್ತಿ ಮುಚ್ಚಿದ ಬ್ಯಾಟರಿಗಳನ್ನು ಮೀಟಿ ತೆರೆಯಬೇಡಿ, ಅವಕ್ಕೆ ನೀರು ಹಾಕುವ ಕ್ರಮವೇ ಇಲ್ಲ.

ಸುಗ್ಗಿ ಮುಗಿದು ಟ್ರ್ಯಾಕ್ಟರ್ ನಿಂತೇ ಇದ್ದರೆ ತಿಂಗಳಿಗೊಮ್ಮೆ ವೋಲ್ಟೇಜು ನೋಡಿ. ಕೆಲವು ತಾಸು ಸುಮ್ಮನಿದ್ದ ಬ್ಯಾಟರಿ 12.6 ತೋರಿಸಿದರೆ ಒಳ್ಳೆಯದು, 12.4ಕ್ಕೆ ಬಂದರೆ ಚಾರ್ಜ್ ಮಾಡಿ. 12ಕ್ಕಿಂತ ಕೆಳಗೆ ಇಳಿದದ್ದನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿಯಾಗಿ ಕರಗುವುದಿಲ್ಲ. ನಮ್ಮ ಆ ಮೂರನೇ ಸೆಲ್ಲಿನಲ್ಲಿ ಬರಿದಾಗಿದ್ದ ತುದಿಯೂ ಹಾಗೇ ಬೆಳ್ಳಗಾಗಿತ್ತು. ಅದರ ಆ್ಯಸಿಡ್ಡನ್ನು ಚರಂಡಿಗೆ ಸುರಿಯದೆ, ಬಿರುಕು ಮೇಲಾಗುವಂತೆ ಪ್ಲಾಸ್ಟಿಕ್ ಟ್ರೇಯಲ್ಲಿಟ್ಟು, ಇಡೀ ಬ್ಯಾಟರಿಯನ್ನೇ ಡೀಲರ್ ಅಂಗಡಿಗೆ ಮರಳಿಸಿದೆವು.