ಕುರಿಮರಿ ಉಳಿಯಿತು, ತಾರೀಖು ಬದಲಾಯಿತು

ಯೇಸುವಿನ ಅಕ್ಕಪಕ್ಕದಲ್ಲಿ ಶಿಲುಬೆಗೇರಿಸಿದ್ದ ಇಬ್ಬರ ಕಾಲುಗಳನ್ನು ಸೈನಿಕರು ಮುರಿದರು. ಯೇಸು ಆಗಲೇ ಪ್ರಾಣ ಬಿಟ್ಟಿದ್ದರಿಂದ ಆತನ ಕಾಲು ಮುರಿಯಲಿಲ್ಲ. ಯೋಹಾನನ ಸುವಾರ್ತೆ ಇದನ್ನು ಬರೆದು, ಶಾಸ್ತ್ರದ ಮಾತು ನೆರವೇರಿತು ಎನ್ನುತ್ತದೆ. ಯಾವ ಮಾತು? ಬೈಬಲಿನ ವಿಮೋಚನಕಾಂಡದ 12ನೇ ಅಧ್ಯಾಯ ತೆರೆದರೆ ಗೊತ್ತಾಗುತ್ತದೆ: ಯೆಹೂದ್ಯರ ಪಸ್ಕ ಹಬ್ಬದ ಕುರಿಮರಿಯ ಒಂದು ಎಲುಬನ್ನೂ ಮುರಿಯಬಾರದು.

ಗುಲಾಮರಾಗಿದ್ದ ಐಗುಪ್ತದಲ್ಲಿ (ಈಜಿಪ್ಟ್) ಕೊನೆಯ ರಾತ್ರಿ ಇಸ್ರಾಯೇಲ್ಯರು, ಅಂದರೆ ಯೆಹೂದ್ಯರ ಪೂರ್ವಜರು, ಕುರಿಮರಿ ಕೊಯ್ದು, ಅದರ ರಕ್ತವನ್ನು ಹಿಸ್ಸೋಪ್ ಗಿಡದ ಕಟ್ಟಿನಿಂದ ಬಾಗಿಲ ಚೌಕಟ್ಟಿಗೆ ಬಳಿದರು. ಆ ಗುರುತು ಕಂಡ ಮನೆಯನ್ನು ಮರಣ ದಾಟಿಹೋಯಿತು. ಹಿಟ್ಟು ಹುಳಿಯುವಷ್ಟೂ ಪುರುಸೊತ್ತಿಲ್ಲದೆ ಹೊರಟ ನೆನಪಿಗೆ ಹುಳಿಯಿಲ್ಲದ ರೊಟ್ಟಿ. ಇದೇ ಪಸ್ಕ. ಇದು ಯೆಹೂದ್ಯರ ಹಬ್ಬ, ಇಂದಿಗೂ ಅವರದೇ. ಕ್ರೈಸ್ತರು ಅದೇ ಕಥೆಯೊಳಗೆ ಯೇಸುವನ್ನು ಕಂಡರು. ಶಿಲುಬೆಯ ಘಟನೆ ನಡೆದು ಕಾಲು ಶತಮಾನವೂ ಆಗಿರಲಿಲ್ಲ, ಆದಿಸಭೆಯ ಬೋಧಕ ಪೌಲ ಗ್ರೀಸಿನ ಕೊರಿಂಥದ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಕ್ರಿಸ್ತನನ್ನು 'ನಮ್ಮ ಪಸ್ಕದ ಕುರಿಮರಿ' ಎಂದೇ ಕರೆದ.

ತೊಡಕು ಸುವಾರ್ತೆಗಳಲ್ಲೇ ಇದೆ. ಮತ್ತಾಯ, ಮಾರ್ಕ, ಲೂಕರ ಪ್ರಕಾರ ಯೇಸು ಶಿಷ್ಯರೊಂದಿಗೆ ಮಾಡಿದ ಕೊನೆಯ ಊಟವೇ ಪಸ್ಕದ ಊಟ. ಯೋಹಾನನ ಲೆಕ್ಕದಲ್ಲಿ ಪಸ್ಕದ ಊಟ ಇನ್ನೂ ಆಗಿಲ್ಲ. ದೇವಾಲಯದಲ್ಲಿ ಕುರಿಮರಿಗಳನ್ನು ಕೊಯ್ಯುವ ಸಿದ್ಧತೆಯ ದಿನವೇ ಯೇಸು ಸಾಯುತ್ತಾನೆ. ಎರಡನ್ನೂ ಹೊಂದಿಸಲು ವಿದ್ವಾಂಸರು ಹೂಡಿದ ವಾದಗಳಿಗೆ ಲೆಕ್ಕವಿಲ್ಲ. ಯಾವುದೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ.

ಮುಂದಿನ ಜಗಳ ತಾರೀಖಿನದು. ಏಷ್ಯಾ ಮೈನರ್‌ನ (ಇಂದಿನ ಟರ್ಕಿ) ಕ್ರೈಸ್ತ ಸಭೆಗಳು ಯೆಹೂದಿ ಪಂಚಾಂಗದ ನಿಸಾನ್ ತಿಂಗಳ 14ರಂದೇ, ಕುರಿಮರಿ ಕೊಯ್ಯುವ ದಿನ, ತಮ್ಮ ಪಸ್ಕ (ಇಂದಿನ ಈಸ್ಟರ್) ಆಚರಿಸುತ್ತಿದ್ದವು, ಅದು ವಾರದ ಯಾವ ದಿನವಾದರೂ ಸರಿ. ರೋಮಿನವರಿಗೆ ಭಾನುವಾರವೇ ಆಗಬೇಕು. ಸುಮಾರು 155ರಲ್ಲಿ ಏಷ್ಯಾದ ಕಡೆಯಿಂದ ಸ್ಮುರ್ನದ ಮುದುಕ ಬಿಷಪ್ ಪಾಲಿಕಾರ್ಪ್ ರೋಮಿಗೆ ಹೋಗಿ ಅಲ್ಲಿನ ಬಿಷಪ್ ಅನಿಕೇತನೊಂದಿಗೆ ಚರ್ಚಿಸಿದ. ಇಬ್ಬರೂ ಪಟ್ಟು ಬಿಡಲಿಲ್ಲ, ಆದರೂ ಒಟ್ಟಿಗೆ ಕೊನೆಯ ಊಟದ ನೆನಪಿನ ಪ್ರಭುಭೋಜನ ಆಚರಿಸಿ ಸಮಾಧಾನದಿಂದ ಬೀಳ್ಕೊಂಡರು. ಸುಮಾರು 190ರ ಹೊತ್ತಿಗೆ ರೋಮಿನ ಬಿಷಪ್ ವಿಕ್ಟರ್‌ಗೆ ಆ ತಾಳ್ಮೆ ಇರಲಿಲ್ಲ. ಏಷ್ಯಾದ ಸಭೆಗಳನ್ನೇ ಬಹಿಷ್ಕರಿಸಲು ಹೊರಟ. ಲಿಯೋನ್‌ನ ಬಿಷಪ್ ಐರೇನಿಯಸ್ ಆತನಿಗೆ ಹಳೆಯ ಆ ಭೇಟಿಯನ್ನು ನೆನಪಿಸಿ ಪತ್ರ ಬರೆಯಬೇಕಾಯಿತು.

325ರಲ್ಲಿ ನೈಸಿಯದಲ್ಲಿ ಸೇರಿದ ಬಿಷಪ್ಪರ ಮಹಾಸಭೆ ಭಾನುವಾರವನ್ನೇ ಗಟ್ಟಿಮಾಡಿತು. ಮಹಾಸಭೆಯ ನಂತರ ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕಳಿಸಿದ ಪತ್ರದಲ್ಲಿ ಯೆಹೂದ್ಯರ ಲೆಕ್ಕವನ್ನು ನಾವೇಕೆ ಅನುಸರಿಸಬೇಕು ಎಂಬ ಕಹಿಯೂ ಇದೆ. ಹಬ್ಬದ ಅರ್ಥ ಬೇಕು, ಹಬ್ಬದವರು ಬೇಡ! ಯೂರೋಪಿನಲ್ಲಿ ಆ ಕಹಿ ಶತಮಾನಗಳ ಕಾಲ ಈಸ್ಟರ್ ಹೊತ್ತಿನ ಹಿಂಸೆಯಾಗಿಯೂ ಹೊರಬಿತ್ತು. ಯೇಸುವಿನ ಸಾವಿನ ಹೊಣೆಯನ್ನು ಯೆಹೂದ್ಯರೆಲ್ಲರ ಮೇಲೆ ಹೊರಿಸಲಾಗದು ಎಂದು ಕಥೋಲಿಕ ಸಭೆ ಅಧಿಕೃತವಾಗಿ ಹೇಳಿದ್ದು 1965ರಲ್ಲಿ.

ಆದರೂ ಯೆಹೂದಿ ಪಂಚಾಂಗದ ಚಂದ್ರನನ್ನು ಬಿಡಲಾಗಲಿಲ್ಲ. ಈಸ್ಟರ್ ಇಂದಿಗೂ ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಹುಣ್ಣಿಮೆಯ ನಂತರದ ಭಾನುವಾರ. ಆ ಹುಣ್ಣಿಮೆಯನ್ನು ಸಭೆ ತನ್ನದೇ ಕೋಷ್ಟಕದಿಂದ ಲೆಕ್ಕ ಹಾಕುತ್ತದೆ. ಆರ್ಥಡಾಕ್ಸ್ ಸಭೆಗಳು ಹೆಚ್ಚಾಗಿ ಹಳೆಯ ಜೂಲಿಯನ್ ಪಂಚಾಂಗದ ಲೆಕ್ಕ ಹಿಡಿದಿರುವುದರಿಂದ ಹಲವು ವರ್ಷ ಎರಡು ಈಸ್ಟರ್. 2025ರಲ್ಲಿ ಎರಡೂ ಏಪ್ರಿಲ್ 20ಕ್ಕೇ ಬಂದವು.

ಇನ್ನು ರೊಟ್ಟಿ. ರೋಮಿನ ಸಂಪ್ರದಾಯದ ಪೂಜೆಯಲ್ಲಿ ಪಾದ್ರಿ ಎತ್ತಿಹಿಡಿಯುವುದು ತೆಳ್ಳನೆಯ, ಹುಳಿಯಿಲ್ಲದ ಬಿಳಿ ರೊಟ್ಟಿ. ಗ್ರೀಕ್ ಸಭೆಯಲ್ಲಿ ಉಬ್ಬಿದ ಹುಳಿರೊಟ್ಟಿ. 1054ರಲ್ಲಿ ರೋಮ್ ಮತ್ತು ಗ್ರೀಕ್ ಸಭೆಯ ಕೇಂದ್ರವಾದ ಕಾನ್‌ಸ್ಟಾಂಟಿನೋಪಲ್ ಮುನಿಸಿಕೊಂಡಾಗ ದೂರುಗಳ ಪಟ್ಟಿಯಲ್ಲಿ ಇದೂ ಇತ್ತು. ಕೊನೆಯ ಊಟ ಪಸ್ಕದ್ದೇ ಆಗಿದ್ದರೆ ಮೇಜಿನ ಮೇಲೆ ಹುಳಿ ಇರುವಂತಿಲ್ಲ. ಯೋಹಾನ ಹೇಳಿದಂತೆ ಹಬ್ಬಕ್ಕೆ ಮೊದಲೇ ಆಗಿದ್ದರೆ, ಇರಬಹುದು.