ರಾಗಿಕಲ್ಲಿನಂತೆ ತಿರುಗುವ ಸೇತುವೆ

ಕೋಲಾರದ ಕಡೆ ಹಳೇ ಮನೆಗಳ ಮೂಲೆಯಲ್ಲಿ ರಾಗಿಕಲ್ಲು ಇನ್ನೂ ಕೂತಿರುತ್ತದೆ. ಮೇಲಿನ ಕಲ್ಲನ್ನು ಸುಮ್ನೆ ಒಮ್ಮೆ ಎತ್ತಿ ನೋಡಿ, ಸೊಂಟ ಹಿಡಿದುಕೊಳ್ಳುತ್ತದೆ. ಅದನ್ನೇ ನಡುವಿನ ಗೂಟಕ್ಕೆ ಕೂರಿಸಿ ತಿರುಗಿಸಿ, ಒಂದು ಕೈ ಸಾಕು. ನಮ್ಮಜ್ಜಿ ಹಾಡು ಹೇಳಿಕೊಂಡೇ ಬೀಸುತ್ತಿದ್ದರು. ಇಂಗ್ಲೆಂಡಿನಲ್ಲಿ ಇದೇ ಉಪಾಯದಿಂದ ರಸ್ತೆಯನ್ನೇ ತಿರುಗಿಸುತ್ತಾರೆ.

ಅಲ್ಲಿ ಲೀಡ್ಸ್–ಲಿವರ್‌ಪೂಲ್ ಕಾಲುವೆ ಅಂತ ಒಂದಿದೆ. ಉದ್ದ 204 ಕಿ.ಮೀ. 1770ರಲ್ಲಿ ಅಗೆಯಲು ಶುರುಮಾಡಿ 1816ರಲ್ಲಿ ಮುಗಿಸಿದರು. ತುಮಕೂರಿನ ಹೇಮಾವತಿ ನಾಲೆಯ ಹಾಗೆ ಇದು ನೀರುಣಿಸಲು ತೋಡಿದ್ದಲ್ಲ. ಕಲ್ಲಿದ್ದಲು, ಸುಣ್ಣದಕಲ್ಲು ಹೊತ್ತ ದೋಣಿಗಳ ದಾರಿ ಅದು. ಹೊಲಗಳ ನಡುವೆ, ಊರದಾರಿಗಳಿಗೆ ಅಡ್ಡವಾಗಿ ಹಾದುಹೋಯಿತು. ಗಾಡಿ ದಾಟಲು ಸೇತುವೆ ಬೇಕು, ಅದರಡಿ ದೋಣಿಯೂ ನುಸುಳಬೇಕು. ಎತ್ತರದ ಕಮಾನು ಕಟ್ಟಿದರೆ ಎರಡೂ ಕಡೆ ಉದ್ದಕ್ಕೆ ದಿಬ್ಬ ಹಾಕಬೇಕು, ಖರ್ಚು ಜಾಸ್ತಿ. ಅದಕ್ಕೇ ಎಷ್ಟೋ ಕಡೆ ನೆಲಮಟ್ಟದಲ್ಲೇ ತಿರುಗುವ ಸೇತುವೆ ಇಟ್ಟರು.

ಇದರ ಗೂಟ ಇರುವುದು ದಡದ ಮೇಲೆ. ಉದ್ದನೆಯ ತೋಳು ನೀರಿನ ಕಡೆ ಚಾಚಿರುತ್ತದೆ, ಗಿಡ್ಡ ತೋಳು ನೆಲದ ಕಡೆ. ಹಾಗಾದರೆ ಉದ್ದನೆಯದು ನೀರಿಗೆ ವಾಲಬೇಕಲ್ವಾ? ವಾಲದಂತೆ ಗಿಡ್ಡ ತೋಳಿಗೆ ಭಾರ ಹೇರಿರುತ್ತಾರೆ. ಬಾವಿಯ ಏತಕ್ಕೆ ಹಿಂದುಗಡೆ ಕಲ್ಲು ಕಟ್ಟುತ್ತಿದ್ದರಲ್ಲ, ಅದೇ ಲೆಕ್ಕ. ಒಂದು ಕಡೆಯ ಭಾರ ಗೂಟದಿಂದ 6 ಮೀಟರ್ ದೂರದಲ್ಲಿ, ಇನ್ನೊಂದು ಕಡೆಯದು 2 ಮೀಟರ್ ದೂರದಲ್ಲಿ ಇದೆ ಅನ್ನಿ. ಹತ್ತಿರದ್ದು ಮೂರು ಪಟ್ಟು ತೂಗಬೇಕು.

ತೂಕ ಸರಿಹೋದರೆ ಭಾರವೆಲ್ಲ ಗೂಟದ ಪಾಲು. ಕೈಗೆ ಉಳಿಯುವುದು ಉಜ್ಜಾಟ ಮತ್ತು ಜಡತ್ವ ಮಾತ್ರ. ದೋಣಿಯವರು ಇಳಿದು ರಸ್ತೆಯ ಗೇಟ್ ಹಾಕುತ್ತಾರೆ, ಬೀಗ ಬಿಚ್ಚುತ್ತಾರೆ, ತೊಲೆಗೆ ಬೆನ್ನು ಕೊಟ್ಟು ತಳ್ಳುತ್ತಾರೆ. ಮೊದಲು ಅಲುಗುವುದೇ ಇಲ್ಲ. ಆಮೇಲೆ ನಿಧಾನಕ್ಕೆ ಜರುಗುತ್ತದೆ. ಒಮ್ಮೆ ಹೊರಟರೆ ನಿಲ್ಲಿಸುವುದಕ್ಕೂ ಅಷ್ಟೇ ಕಷ್ಟ, ಆದ್ದರಿಂದ ಅವಸರ ಮಾಡುವಂತಿಲ್ಲ. ಈಗ ಕೆಲವಕ್ಕೆ ಮೋಟರ್ ಬಂದಿದೆ.

ನನಗೆ ಎಲ್ಲಕ್ಕಿಂತ ಬೆರಗು ಮ್ಯಾಂಚೆಸ್ಟರ್ ಪಕ್ಕದ ಬಾರ್ಟನ್. ಅಲ್ಲಿ 1894ರಿಂದ ಕಾಲುವೆಯೇ ತಿರುಗುತ್ತಿದೆ! ಹಡಗುಗಳು ಓಡಾಡುವ ದೊಡ್ಡ ಕಾಲುವೆಯ ಮೇಲೆ, ಕಬ್ಬಿಣದ ತೊಟ್ಟಿಯೊಳಗೆ ಹಳೆಯ ಬ್ರಿಡ್ಜ್‌ವಾಟರ್ ಕಾಲುವೆ ಹಾದುಹೋಗುತ್ತದೆ. ಹಡಗು ಬಂದರೆ ತೊಟ್ಟಿಯ ಎರಡೂ ತುದಿಗೆ ಬಾಗಿಲು ಹಾಕಿ, ನೀರು ತುಂಬಿದಂತೆಯೇ ತಿರುಗಿಸುತ್ತಾರೆ. ತೂಕ ಸುಮಾರು 1,450 ಟನ್. ಪಕ್ಕದಲ್ಲೇ ರಸ್ತೆಯ ಸೇತುವೆ, ಅದೂ ತಿರುಗುವಂಥದ್ದೇ. ಎರಡಕ್ಕೂ ಒಂದೇ ಇಟ್ಟಿಗೆ ಗೋಪುರದಿಂದ ಅಪ್ಪಣೆ. ಹಡಗು ದಾಟಿದ ಮೇಲೆ ರಸ್ತೆ ರಸ್ತೆಗೆ, ನೀರು ನೀರಿಗೆ ಮತ್ತೆ ಬಂದು ಕೂಡಿಕೊಳ್ಳುತ್ತದೆ.