ವಿಮಾನದಿಂದ ಉದುರಿದ ಮೀನು, ಕಾಣೆಯಾದ ಕಪ್ಪೆ

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಹಳದಿ ಕಾಲಿನ ಕಪ್ಪೆಯೊಂದಿದೆ. ಕೈಯಲ್ಲಿ ಹಿಡಿದರೆ ಬೆಳ್ಳುಳ್ಳಿ ಜಜ್ಜಿದಂಥ ವಾಸನೆ. ನೂರು ವರ್ಷದ ಹಿಂದೆ ಅಲ್ಲಿನ ಸರೋವರಗಳ ದಂಡೆಯಲ್ಲಿ ಎಲ್ಲಿ ನೋಡಿದರೂ ಇದೇ ಕಪ್ಪೆ. ಈಗ ಆ ಜಾಗಗಳಲ್ಲಿ ಶೇ 90ಕ್ಕಿಂತ ಜಾಸ್ತಿ ಖಾಲಿ.

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ನಮ್ಮವರು ಈ ಬೆಟ್ಟಗಳಲ್ಲೇ ಇರುವ ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿ ಜಲಪಾತದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರಲ್ವಾ? ಅಂಥ ಜಲಪಾತಗಳನ್ನು ಹತ್ತಲಾಗದೆ ಮೀನುಗಳು ಕೆಳಗೇ ಉಳಿದಿದ್ದವು. ಮೇಲಿನ ಸರೋವರಗಳಲ್ಲಿ ಸಾವಿರಾರು ವರ್ಷ ಮೀನೇ ಇರಲಿಲ್ಲ. 19ನೇ ಶತಮಾನದ ಕೊನೆಗೆ ಜನ ಟ್ರೌಟ್ ಮೀನನ್ನು ಕ್ಯಾನುಗಳಲ್ಲಿ ತುಂಬಿ, ಹೇಸರಗತ್ತೆ ಮೇಲೆ ಹೇರಿಕೊಂಡು ಹೋಗಿ ಬಿಟ್ಟರು. ಗಾಳ ಹಾಕುವ ಖುಷಿಗೆ, ಅಷ್ಟೆ.

ಇದರ ಫಲ ಏನಾಗುತ್ತದೆಂದು ಯಾರಿಗೂ ತಿಳಿದಿರಲಿಲ್ಲ ಅನ್ನುವ ಹಾಗಿಲ್ಲ. ಟ್ರೌಟ್ ಬಂದ ಸರೋವರದಲ್ಲಿ ಕಪ್ಪೆ ಉಳಿಯುವುದಿಲ್ಲವೆಂದು ಪ್ರಾಣಿಶಾಸ್ತ್ರಜ್ಞರಾದ ಜೋಸೆಫ್ ಗ್ರಿನೆಲ್ ಮತ್ತು ಟ್ರೇಸಿ ಸ್ಟೋರರ್ 1924ರಲ್ಲೇ ಬರೆದಿದ್ದರು. ಆದರೂ ಎರಡನೇ ಮಹಾಯುದ್ಧದ ನಂತರ ರಾಜ್ಯದ ಮೀನುಗಾರಿಕೆ ಇಲಾಖೆ ವಿಮಾನದಿಂದಲೇ ಮರಿಮೀನು ಸುರಿಯತೊಡಗಿತು. ದಾರಿಯೇ ಇಲ್ಲದ ಸರೋವರಕ್ಕೂ ಮೀನು ಬಂತು.

ಕಪ್ಪೆ ಬೇರೆ ಕಡೆ ಹೋಗಬಹುದಿತ್ತಲ್ಲ? ಅಲ್ಲೇ ಇರುವುದು ಸಮಸ್ಯೆ. ನಮ್ಮ ಗದ್ದೆಯ ಗೊದಮೊಟ್ಟೆ ಕೆಲವೇ ವಾರಗಳಲ್ಲಿ ಕಪ್ಪೆಯಾಗುತ್ತದೆ. ಆ ಚಳಿಯಲ್ಲಿ ಇದಕ್ಕೆ ಎರಡರಿಂದ ನಾಲ್ಕು ವರ್ಷ ಬೇಕು. ಸಣ್ಣ ಹೊಂಡಗಳು ಬೇಸಿಗೆಯಲ್ಲಿ ಬತ್ತುತ್ತವೆ, ಇಲ್ಲವೇ ಚಳಿಗಾಲದಲ್ಲಿ ತಳದವರೆಗೆ ಹೆಪ್ಪುಗಟ್ಟುತ್ತವೆ. ಬದುಕಬೇಕಾದರೆ ಆಳದ ನೀರೇ ಬೇಕು. ಟ್ರೌಟ್ ಇರುವುದೂ ಅಲ್ಲೇ. ಅಷ್ಟು ವರ್ಷ ಅದರ ಬಾಯಿಗೆ ಸಿಗದೆ ಉಳಿಯುವ ಮರಿ ಎಷ್ಟು?

ಪೆಟ್ಟು ಕಪ್ಪೆಗೆ ಮಾತ್ರ ಬೀಳಲಿಲ್ಲ. ಕಪ್ಪೆ ತಿನ್ನುವ ಗಾರ್ಟರ್ ಹಾವೂ ಕಡಿಮೆಯಾಯಿತು. ಮೇಫ್ಲೈ ಹುಳಗಳನ್ನು ಮೀನು ನೀರಿನಲ್ಲೇ ತಿಂದು ಮುಗಿಸುವುದರಿಂದ, ಅವು ರೆಕ್ಕೆ ಮೂಡಿ ಹೊರಬರುವುದನ್ನೇ ಕಾಯುವ ರೋಸಿ ಫಿಂಚ್ ಹಕ್ಕಿಗೂ ಮೇವಿಲ್ಲ.

ಯೊಸೆಮಿಟಿಯಲ್ಲಿ 1991ರಲ್ಲಿ ಮೀನು ಬಿಡುವುದು ನಿಂತಿತು. ಆದರೆ ಮೊದಲೇ ಬಿಟ್ಟದ್ದು ಎಷ್ಟೋ ಕಡೆ ತಾನೇ ಮರಿ ಹಾಕಿಕೊಂಡು ಬೆಳೆಯುತ್ತಿತ್ತು. 1990ರ ದಶಕದ ಕೊನೆಗೆ ರೋಲಂಡ್ ನ್ಯಾಪ್, ವ್ಯಾನ್ಸ್ ವ್ರೆಡೆನ್‌ಬರ್ಗ್ ಮುಂತಾದ ವಿಜ್ಞಾನಿಗಳು ಕೆಲವು ಸರೋವರಗಳಿಗೆ ಬಲೆ ಹಾಕಿ ಟ್ರೌಟ್ ತೆಗೆಸಿದರು. ಕೆಲವೇ ವರ್ಷಗಳಲ್ಲಿ ಕಪ್ಪೆಗಳು ಮತ್ತೆ ತುಂಬಿಕೊಂಡವು.

ಅಷ್ಟರಲ್ಲಿ ಕೈಟ್ರಿಡ್ ಎಂಬ ಶಿಲೀಂಧ್ರ ರೋಗ ಬಂದು ಎಷ್ಟೋ ಕಡೆ ಉಳಿದವನ್ನೂ ಕೊಂದಿತು. 2014ರಲ್ಲಿ ಸಿಯೆರಾ ಕಪ್ಪೆ ಅಮೆರಿಕದ ಅಳಿವಿನಂಚಿನ ಪಟ್ಟಿಗೆ ಸೇರಿತು. ಈಗ ರೋಗ ತಡೆದು ಬದುಕಿದ ಕಪ್ಪೆಗಳನ್ನು ಹಿಡಿದು, ಮೀನಿಲ್ಲದ ಸರೋವರಗಳಿಗೆ ಒಯ್ದು ಬಿಡುತ್ತಿದ್ದಾರೆ.